ಕೆಳಗಿನ ಮೀಡಿಯಾ ಸರ್ವರ್ ಮ್ಯಾಲಿನ ಟಿವಿಗೆ ಕಾಣವಲ್ದು: ನೆಟ್ ಓಡ್ತೈತಿ, ವೈಫೈ ಫುಲ್ ಐತಿ, ಹುಡುಕಿದ್ರ ಮಾತ್ರ ಇಲ್ಲ

ಗಂಗಾವತಿ_ಮಾಳಿಗೆ

ನಮಸ್ಕಾರ ಎಲ್ಲರಿಗೂ. ಎರಡಂತಸ್ತಿನ ಮನಿ, ಜೋಡಣಿ ಹಿಂಗೈತಿ.

ಕೆಳಗ ಫೈಬರಿನವರು ಕೊಟ್ಟ ಓಎನ್‌ಟಿ (ಫೈಬರ್ ಬಂದು ಸೇರೋ ಡಬ್ಬಿ), ಅದರೊಳಗೇ ವೈಫೈ, ವಿಳಾಸ 192.168.1.1. ಅದರಿಂದ ಎಂಟು ಪೋರ್ಟಿನ ಸ್ಮಾರ್ಟ್ ಸ್ವಿಚ್ (ನೆಟ್‌ವರ್ಕ್ ಕೇಬಲ್ ಹಂಚೋ, ಸೆಟ್ಟಿಂಗ್ ಮೆನು ಇರೋ ಡಬ್ಬಿ). ಸ್ವಿಚ್ಚಿಗೆ ಉಬುಂಟು ಹಾಕಿದ ಹಳೇ ಲ್ಯಾಪ್‌ಟಾಪ್ (192.168.1.10), ಅದಕ್ಕ 2 ಟಿಬಿ ಯುಎಸ್‌ಬಿ ಡಿಸ್ಕ್. ಲ್ಯಾಪ್‌ಟಾಪಿನಾಗ ಮಿನಿಡಿಎಲ್‌ಎನ್‌ಎ ಓಡ್ತೈತಿ, ಡಿಸ್ಕಿನಾಗಿನ ವಿಡಿಯೊ ಟಿವಿಗೆ ಕೊಡೋ ಮೀಡಿಯಾ ಸರ್ವರ್ ಅದೇ. ಅದೇ ಸ್ವಿಚ್ಚಿನಿಂದ ಇನ್ನೊಂದು ಕೇಬಲ್ ಮ್ಯಾಲೆ ಹೋಗಿ ನಮ್ಮದೇ ಬ್ಯಾರೆ ರೌಟರಿನ ವ್ಯಾನ್ (ಇಂಟರ್ನೆಟ್ ಕೇಬಲ್ ಹಾಕೋ) ಪೋರ್ಟಿಗೆ ಸೇರೈತಿ. ಮ್ಯಾಲಿನ ರೌಟರ್ 192.168.0 ಸಾಲಿನ ವಿಳಾಸ ಕೊಡತೈತಿ. ಟಿವಿ ಮ್ಯಾಲೆ, ವೈಫೈನಾಗ.

ತೊಂದ್ರಿ ಇವು. ಟಿವಿಯ ಮೀಡಿಯಾ ಪ್ಲೇಯರಿನಾಗ ಸರ್ವರಿನ ಹೆಸರೇ ಬರವಲ್ದು. ಆದ್ರ ಮ್ಯಾಲಿನ ವೈಫೈನಾಗಿರೋ ಫೋನಿನ ಬ್ರೌಸರಿನಾಗ 192.168.1.10 ಹಾಕಿ ಪೋರ್ಟ್ 8200 ಕೊಟ್ರ ಮಿನಿಡಿಎಲ್‌ಎನ್‌ಎ ಪುಟ ತೆರೀತೈತಿ, ವಿಡಿಯೊ 412 ಅಂತ ಲೆಕ್ಕಾನೂ ತೋರಸ್ತೈತಿ. ಕೆಳಗಿನ ವೈಫೈನಾಗಿರೋ ಫೋನಿಗೆ ಸರ್ವರ್ ಒಮ್ಮೊಮ್ಮೆ ಕಾಣ್ತೈತಿ, ಒಮ್ಮೊಮ್ಮೆ ಇಲ್ಲ. ಕೆಳಗಿನ ಫೋನಿನಿಂದ ಟಿವಿಗೆ ಕಾಸ್ಟ್ ಮಾಡಾಕ ಹೋದ್ರ ಟಿವಿ ಪಟ್ಟಿಯಾಗಿಲ್ಲ, ಮ್ಯಾಲೆ ಬಂದ್ರ ಐತಿ. 100 ಎಂಬಿಪಿಎಸ್ ಪ್ಲಾನ್ ತಗದು 200 ಮಾಡಿಸಿದ್ರೂ ಫರಕ್ ಇಲ್ಲ. ಕರೆಂಟ್ ಹೋಗಿ ಬಂದ್ರ ಕೆಲವು ಸಲ ಸರ್ವರಿನ ಪಟ್ಟಿನೇ ಖಾಲಿ. ಇನ್ನೊಂದು, ಪೆನ್‌ಡ್ರೈವಿನಾಗ ಹಾಕಿ ನೋಡಿದ ಕೆಲವು ಎಂಕೆವಿ ಫೈಲುಗಳಿಗೆ ಚಿತ್ರ ಬರ್ತೈತಿ, ಧ್ವನಿ ಇಲ್ಲ.

ಒಂದೊಂದಾಗಿ ಹೇಳಿದ್ರೂ ನಡೀತೈತಿ.

ಬಳ್ಳಾರಿ_239

ಪ್ಲಾನ್ ವಾಪಸ್ 100ಕ್ಕೆ ಇಳಿಸಿಬಿಡ್ರಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಲ್ಯಾಪ್‌ಟಾಪಿನಿಂದ ಟಿವಿಗೆ ಹೋಗೋ ವಿಡಿಯೊ ಮನೆ ಒಳಗೇ ಓಡುತ್ತೆ. ಫೈಬರ್ ವೈರ್ ಕಿತ್ತಿಟ್ಟರೂ ಓಡಬೇಕು.

ಇಲ್ಲಿ ಎರಡು ಬೇರೆ ಬೇರೆ ಕೆಲಸ ಇದಾವೆ, ಎಲ್ಲರೂ ಅವನ್ನ ಒಂದೇ ಅನ್ಕೊಂಡು ಒದ್ದಾಡ್ತಾರೆ. ಮೊದಲನೇದು ಹುಡುಕೋದು, ಎರಡನೇದು ಫೈಲ್ ಸಾಗಿಸೋದು. ಸಾಗಿಸೋದು ಸಾದಾ ಎಚ್‌ಟಿಟಿಪಿ. ಟಿವಿ ನೇರವಾಗಿ 192.168.1.10ರ 8200 ಪೋರ್ಟಿಗೆ ಹೋಗಿ "ಈ ಫೈಲಿನ ಇಷ್ಟನೇ ಬೈಟಿನಿಂದ ಕೊಡು" ಅಂತ ಕೇಳುತ್ತೆ, ಫಾರ್ವರ್ಡ್ ಒತ್ತಿದಾಗ ಬೇರೆ ಬೈಟಿನಿಂದ ಕೇಳುತ್ತೆ. ನಿಮ್ಮ ಫೋನಿನಲ್ಲಿ 8200ರ ಪುಟ ತೆರೆಯಿತು ಅಂದ್ರೆ ಈ ದಾರಿ ಸರಿ ಇದೆ, ಸರ್ವರೂ ಸರಿ ಇದೆ.

ಕೆಟ್ಟಿರೋದು ಹುಡುಕೋದು. ಟಿವಿಗೆ ಸರ್ವರಿನ ವಿಳಾಸ ಯಾರೂ ಹೇಳಿಕೊಟ್ಟಿಲ್ಲ, ಅದೇ ಕೂಗಿ ಕೇಳಬೇಕು. ಡಿಎಲ್‌ಎನ್‌ಎ (ಸರ್ವರ್, ಟಿವಿ ಮನೆ ಒಳಗೆ ವಿಡಿಯೊ ಹಂಚಿಕೊಳ್ಳೋ ಪದ್ಧತಿ) ಒಳಗೆ ಆ ಕೂಗಿಗೆ ಎಸ್‌ಎಸ್‌ಡಿಪಿ ಅಂತ ಹೆಸರು. 239.255.255.250 ಅನ್ನೋ ಮಲ್ಟಿಕಾಸ್ಟ್ (ಒಂದು ಗುಂಪಿಗೆಲ್ಲ ಒಟ್ಟಿಗೆ ಕಳಿಸೋ) ವಿಳಾಸಕ್ಕೆ, ಯುಡಿಪಿ ಪೋರ್ಟ್ 1900ಕ್ಕೆ ಟಿವಿ "ಮೀಡಿಯಾ ಸರ್ವರ್ ಯಾರಾದ್ರೂ ಇದೀರಾ" ಅಂತ ಒಂದು ಪ್ಯಾಕೆಟ್ ಬಿಡುತ್ತೆ. ಕೇಳಿಸಿಕೊಂಡ ಸರ್ವರ್ ಟಿವಿಗಷ್ಟೇ ನೇರವಾಗಿ ಉತ್ತರ ಕಳಿಸುತ್ತೆ, ಉತ್ತರದಲ್ಲಿ ತನ್ನ ವಿವರದ ಎಕ್ಸ್‌ಎಂಎಲ್ ಫೈಲ್ ಎಲ್ಲಿದೆ ಅನ್ನೋ ಕೊಂಡಿ ಇರುತ್ತೆ. ಟಿವಿ ಅದನ್ನ ತಂದು ಓದಿ, ಆಮೇಲೆ ಫೋಲ್ಡರ್ ಪಟ್ಟಿ ಕೇಳುತ್ತೆ. ಸರ್ವರ್ ಕೂಡ ಆಗಾಗ ತಾನಾಗೇ "ನಾನು ಇದೀನಿ" ಅಂತ ಅದೇ ವಿಳಾಸಕ್ಕೆ ಸಾರುತ್ತೆ. ಮಿನಿಡಿಎಲ್‌ಎನ್‌ಎ ಇದನ್ನ ಹೆಚ್ಚುಕಡಿಮೆ 15 ನಿಮಿಷಕ್ಕೊಮ್ಮೆ ಮಾಡುತ್ತೆ.

ಇದು ಡಂಗುರ ಇದ್ದಂಗೆ. ಡಂಗುರ ಊರ ಅಗಸಿ ದಾಟಲ್ಲ. ಮನೆ ರೌಟರ್ ಮಲ್ಟಿಕಾಸ್ಟನ್ನ ಒಂದು ನೆಟ್‌ವರ್ಕಿನಿಂದ ಇನ್ನೊಂದಕ್ಕೆ ದಾಟಿಸೋದಿಲ್ಲ. ನಿಮ್ಮ ಮೇಲಿನ ರೌಟರ್ ವ್ಯಾನ್ ಪೋರ್ಟಿನಲ್ಲಿ ಕೂತಿದೆ ಅಂದ್ರೆ ಮನೆಯಲ್ಲಿ ಎರಡು ಊರು ಇದಾವೆ. ಮೇಲಿನಿಂದ ಕೆಳಕ್ಕೆ ವಿಳಾಸ ಗೊತ್ತಿದ್ರೆ ಹೋಗಬಹುದು, ಯಾಕಂದ್ರೆ ಮೇಲಿನ ರೌಟರಿಗೆ ಕೆಳಗಿನದೇ ಇಂಟರ್ನೆಟ್ ಇದ್ದಂಗೆ. ಅದಕ್ಕೇ ಪುಟ ತೆರೀತು. ಕೆಳಗಿನಿಂದ ಮೇಲಕ್ಕೆ ಅದೂ ಇಲ್ಲ. ಕಾಸ್ಟ್ ಪಟ್ಟಿಯಲ್ಲಿ ಟಿವಿ ಕಾಣದೇ ಇರೋದಕ್ಕೂ ಇದೇ ಕಾರಣ.

ಪರಿಹಾರ: ಮೇಲಿನದನ್ನ ರೌಟರ್ ಕೆಲಸದಿಂದ ಇಳಿಸಿ ಬರೀ ಆಕ್ಸೆಸ್ ಪಾಯಿಂಟ್ (ಎಪಿ, ಅಂದ್ರೆ ಇರೋ ನೆಟ್‌ವರ್ಕನ್ನೇ ವೈಫೈನಲ್ಲಿ ಹಂಚೋ ಡಬ್ಬಿ) ಮಾಡಿ. ಅದರ ಮೆನುವಿನಲ್ಲಿ "ಆಪರೇಷನ್ ಮೋಡ್" ಅಂತ ಇದ್ದು ಆಕ್ಸೆಸ್ ಪಾಯಿಂಟ್ ಆಯ್ಕೆ ಇದ್ರೆ ಅದನ್ನ ಒತ್ತಿದ್ರೆ ಮುಗೀತು, ಕೇಬಲ್ ವ್ಯಾನ್ ಪೋರ್ಟಿನಲ್ಲೇ ಇರಬಹುದು. ಇಲ್ಲದಿದ್ರೆ ಕೈಯಿಂದ ಮಾಡಬೇಕು, ಕ್ರಮ ತಪ್ಪಬೇಡಿ. ಮೊದಲು ವ್ಯಾನ್ ಪೋರ್ಟಿನ ಕೇಬಲ್ ತೆಗೀರಿ. ತೆಗೆಯದೇ ಲ್ಯಾನ್ (ಮನೆ ಒಳಗಿನ) ವಿಳಾಸ ಬದಲಿಸಿದ್ರೆ ಎರಡೂ ಕಡೆ 192.168.1 ಬಂದು, ಕೆಲವು ರೌಟರ್‌ಗಳು ಒಪ್ಪೋದೇ ಇಲ್ಲ, ಕೆಲವು ತಾವೇ ಬೇರೆ ವಿಳಾಸ ಹಾಕ್ಕೊಳ್ತವೆ. ತೆಗೆದ ಮೇಲೆ ಲ್ಯಾನ್ ವಿಳಾಸ 192.168.1.250 ಮಾಡಿ. ರೀಬೂಟ್ ಆದ ಮೇಲೆ ಆ ಹೊಸ ವಿಳಾಸಕ್ಕೆ ಹೋಗಿ ಡಿಎಚ್‌ಸಿಪಿ (ವಿಳಾಸ ಹಂಚೋ ಕೆಲಸ) ಆಫ್ ಮಾಡಿ. ಕೊನೆಗೆ ಕೆಳಗಿನಿಂದ ಬಂದ ಕೇಬಲ್ಲನ್ನ ಲ್ಯಾನ್ ಪೋರ್ಟಿಗೆ ಹಾಕಿ, ವ್ಯಾನ್ ಖಾಲಿ ಬಿಡಿ. ಡಿಎಚ್‌ಸಿಪಿ ಆಫ್ ಮಾಡೋದಕ್ಕಿಂತ ಮೊದಲೇ ಲ್ಯಾನಿಗೆ ಚುಚ್ಚಿದ್ರೆ ಮನೇಲಿ ವಿಳಾಸ ಹಂಚೋರು ಇಬ್ಬರಾಗ್ತಾರೆ, ಅರ್ಧ ಸಾಧನಗಳಿಗೆ ನೆಟ್ ಹೋಗುತ್ತೆ.

ಓಎನ್‌ಟಿ ಒಳಗೆ ಹಂಚೋ ವಿಳಾಸದ ಮಿತಿ 20ರಿಂದ 200 ಅಂತ ಇಟ್ಟುಬಿಡಿ, ಆಗ 250 ಬೇರೆ ಯಾರಿಗೂ ಹೋಗಲ್ಲ. 10 ಕೂಡ ಹೊರಗೇ ಉಳಿಯುತ್ತೆ, ಲ್ಯಾಪ್‌ಟಾಪಿನಲ್ಲಿ ಅದನ್ನ ಸ್ಥಿರವಾಗಿ ಬರೆದಿಡಿ.

ಕೊಪ್ಪಳ_ಕೇಬಲ್

ಮ್ಯಾಲಿನ ಉತ್ತರಕ್ಕ ಒಂದು ಸಣ್ಣ ತಿದ್ದುಪಡಿ. ಕಾಸ್ಟ್ ಮಾಡೋದು ಈಗ ಎಸ್‌ಎಸ್‌ಡಿಪಿ ಅಲ್ರಿ, ಎಂಡಿಎನ್‌ಎಸ್ ಅನ್ನೋ ಬ್ಯಾರೆ ಕೂಗು. 2013ರಾಗ ಮೊದಲ ಕ್ರೋಮ್‌ಕಾಸ್ಟ್ ಬಂದಾಗ ಎಸ್‌ಎಸ್‌ಡಿಪಿ ಮ್ಯಾಲೆ ನಿಂತ ಡಯಲ್ ಅನ್ನೋ ಪದ್ಧತಿ ಇತ್ತು, ಆಮ್ಯಾಲೆ ಬದಲಾತು. ಎಂಡಿಎನ್‌ಎಸ್ ವಿಳಾಸ 224.0.0.251, ಯುಡಿಪಿ ಪೋರ್ಟ್ 5353. ಆಪಲ್‌ನವರ ಏರ್‌ಪ್ಲೇನೂ ಇದರಾಗೇ ಹುಡುಕತೈತಿ. ಇದೂ ರೌಟರ್ ದಾಟೂದಿಲ್ಲ, ಹಂಗಾಗಿ ಕಾರಣ ಅವರು ಹೇಳಿದ್ದೇ.

ಹೆಸರು ಬ್ಯಾರೆ ಅಂತ ಯಾಕ ಹೇಳಾಕತ್ತೀನಿ ಅಂದ್ರ, ಒಂದು ಕಂಡು ಇನ್ನೊಂದು ಕಾಣದೇ ಇದ್ದಾಗ ಯಾವ ಕಡೆ ಕೈ ಹಾಕಬೇಕು ಅನ್ನೂದು ಅದರಿಂದನೇ ಗೊತ್ತಾಗೂದು. ಮತ್ತ ಕಾಸ್ಟ್ ಒತ್ತಿದಾಗ ವಿಡಿಯೊ ಫೋನಿನಿಂದ ಟಿವಿಗೆ ಹೋಗತೈತಿ ಅಂತ ಭಾಳ ಮಂದಿ ತಿಳಕೊಂಡಾರ. ಇಲ್ಲ. ಫೋನು ಟಿವಿಯ 8009 ಪೋರ್ಟಿಗೆ "ಇದನ್ನ ಹಚ್ಚು" ಅಂತ ಕೊಂಡಿ ಕೊಟ್ಟು ಬರೀ ರಿಮೋಟ್ ಆಗತೈತಿ, ಟಿವಿ ತಾನೇ ನೆಟ್‌ನಿಂದ ಎಳಕೊಂತೈತಿ. ಫೋನ್ ಕಿಸೆದಾಗ ಇಟಗೊಂಡು ಹೊರಗ ಹೋದ್ರೂ ನಡೀತೈತಿ. ಫೋನಿನಾಗಿರೋ ಸ್ವಂತ ವಿಡಿಯೊ ಕಾಸ್ಟ್ ಮಾಡಿದ್ರ ಮಾತ್ರ ಫೋನೇ ಸರ್ವರ್ ಆಗತೈತಿ. ಆವಾಗ ಬ್ಯಾಟರಿ ಉಳಿಸೋ ಸೆಟ್ಟಿಂಗು ಆ ಆ್ಯಪನ್ನ ಮಲಗಿಸಿದ್ರ ಟಿವಿ ನಿಲ್ಲತೈತಿ. ಮಿರಾಕಾಸ್ಟ್ (ಫೋನಿನ ತೆರಿನೇ ಟಿವಿಗೆ ತೋರಸೂದು) ಅಂತೂ ಬ್ಯಾರೆ ಜಾತಿ. ಅದು ಸಾಮಾನ್ಯವಾಗಿ ವೈಫೈ ಡೈರೆಕ್ಟ್ ಮ್ಯಾಲೆ ಫೋನ್–ಟಿವಿ ನೇರ ಮಾತಾಡೋದು, ರೌಟರಿಗೆ ಸಂಬಂಧ ಇಲ್ಲ.

ಇನ್ನ ಕೇಬಲ್ ವಿಷಯ. ಮ್ಯಾಲೆ ಹೋಗಿರೋ ತಂತಿ ಗ್ವಾಡಿ ಹೊರಗಿಂದ ಹೋಗೈತೇನು? ಒಳಾಂಗಣದ ಪಿವಿಸಿ ಹೊದಿಕೆಯ ಕೇಬಲ್ ನಮ್ಮ ಬಿಸಿಲಿಗೆ ತಡಿಯೂದಿಲ್ಲ, ಹೊದಿಕಿ ಬಿರುಕು ಬಿಟ್ಟು ಮಳಿ ನೀರು ಒಳಗ ಇಳೀತೈತಿ. ಔಟ್‌ಡೋರ್ ಅಂತ ಬರೆದಿರೋ, ಕಪ್ಪು ಪಾಲಿಥೀನ್ ಹೊದಿಕೆಯ ಕ್ಯಾಟ್ 6 ತಗೋರಿ, ತಾಮ್ರದ್ದೇ ಅಂತ ಕೇಳಿ ತಗೋರಿ. ಸಿಸಿಎ ಅಂತ ಇದ್ರ ಅದು ತಾಮ್ರ ಬಳಿದ ಅಲ್ಯುಮಿನಿಯಂ, ಕ್ರಿಂಪ್ ಮಾಡಿದ ಕಡೆ ಸಡ್ಲ ಆಗತೈತಿ, ಪೇಟೆಯಾಗ ಅಗ್ಗಕ್ಕ ಸಿಗೂದೆಲ್ಲ ಹೆಚ್ಚಾಗಿ ಅದೇ. ಎರಡೂ ತುದಿ 568ಬಿ ಅನ್ನೋ ಬಣ್ಣದ ಕ್ರಮದಾಗ, ಎಂಟೂ ತಂತಿ ಹಾಕಿ ಕ್ರಿಂಪ್ ಮಾಡ್ರಿ. ನಾಲ್ಕೇ ತಂತಿ ಹಾಕಿದ್ರ 100 ಎಂಬಿಪಿಎಸ್‌ಗೆ ನಿಲ್ಲತೈತಿ. ಮತ್ತ ಗಂಗಾವತಿ ಅಂದ್ರ ಮಂಗ್ಯಾಗಳ ಕಾಟ ಹೇಳಬೇಕಾಗಿಲ್ಲ, ಅಂಜನಾದ್ರಿ ಬಾಜೂಕ ಅದೀರಿ. 20 ಎಂಎಂ ಪಿವಿಸಿ ಪೈಪಿನೊಳಗ ಎಳೀರಿ, ಜೋತಾಡೋ ತಂತಿ ಒಂದು ವಾರ ಉಳಿಯೂದಿಲ್ಲ.

ಗಂಗಾವತಿ_ಮಾಳಿಗೆ

ಬಳ್ಳಾರಿಯವರು ಹೇಳಿದ ಕ್ರಮದಾಗೇ ಮಾಡೇನ್ರಿ. ಆಪರೇಷನ್ ಮೋಡ್ ಇರ್ಲಿಲ್ಲ, ಕೈಯಿಂದನೇ ಮಾಡಿದೆ. ಈಗ ಕಾಸ್ಟ್ ಕೆಳಗ, ಮ್ಯಾಲೆ ಎರಡೂ ಕಡೆಯಿಂದ ಒಂದ ಸಲನೂ ತಪ್ಪದಂಗ ಕಾಣ್ತೈತಿ.

ಆದ್ರ ಡಿಎಲ್‌ಎನ್‌ಎ ಸರ್ವರ್ ಹಿಂಗ್ ಮಾಡ್ತೈತಿ: ಮಿನಿಡಿಎಲ್‌ಎನ್‌ಎ ರೀಸ್ಟಾರ್ಟ್ ಮಾಡಿದ ಕೂಡ್ಲೇ ಟಿವಿಯಾಗ ಬರ್ತೈತಿ. ಸಿನಿಮಾ ಹಚ್ಚಿದ್ರ ಪೂರ್ತಿ ಓಡ್ತೈತಿ, ನಡುವ ನಿಲ್ಲೂದಿಲ್ಲ. ಆದ್ರ ಒಂದೈದು ನಿಮಿಷ ಬಿಟ್ಟು ಟಿವಿ ಆಫ್ ಮಾಡಿ ಆನ್ ಮಾಡಿ ಹುಡುಕಿದ್ರ ಇಲ್ಲ. ಮತ್ತ ರೀಸ್ಟಾರ್ಟ್ ಮಾಡಿದ್ರ ಬರ್ತೈತಿ. ಫೈರ್‌ವಾಲ್ ಇರಬಹುದು ಅಂತ ಪೂರ್ತಿ ಆಫ್ ಮಾಡಿ ನೋಡಿದೆ, ಅದೇ ಹಾಡು.

ರಾಯಚೂರು_ಪ್ಯಾಕೆಟ್

ಫೈರ್‌ವಾಲ್ ಮತ್ತ ಆನ್ ಮಾಡ್ರಿ, ಯುಡಿಪಿ 1900 ಮತ್ತ ಟಿಸಿಪಿ 8200 ಎರಡಕ್ಕ ಒಳಗ ಬಿಡೂ ಅಂತ ಹೇಳಿದ್ರ ಸಾಕು. ತಪ್ಪು ಅದರದಲ್ಲ. ಫೈರ್‌ವಾಲ್ ತಡದ್ರ ಶುರುವಿನಿಂದನೇ ತಡೀತದ, ಗಡಿಯಾರ ನೋಡಿ ತಡಿಯಂಗಿಲ್ಲ.

ನಿಮ್ಮ ಸ್ವಿಚ್ಚಿನಾಗ ಐಜಿಎಂಪಿ ಸ್ನೂಪಿಂಗ್ ಆನ್ ಅದ. ಮೊದಲನೇ ಪೋಸ್ಟಿನಾಗೇ ಸುಳಿವು ಕೊಟ್ಟಿದ್ರಿ, ಕೆಳಗಿನ ಫೋನಿಗೆ ಸರ್ವರ್ ಒಮ್ಮೊಮ್ಮೆ ಕಾಣ್ತದ, ಒಮ್ಮೊಮ್ಮೆ ಇಲ್ಲ ಅಂತ. ಅವೆರಡೂ ಒಂದೇ ನೆಟ್‌ವರ್ಕಿನಾಗ ಇದ್ದವು, ಅಂದ್ರ ಎರಡು ರೌಟರಿನ ತೊಂದ್ರಿ ಅಲ್ಲಿಗೆ ಹತ್ತೂದಿಲ್ಲ. ನಡುವ ಇರೂದು ಸ್ವಿಚ್ ಒಂದೇ.

ನಡಿಯೂದು ಹಿಂಗ. ಸಾದಾ ಸ್ವಿಚ್ ಮಲ್ಟಿಕಾಸ್ಟ್ ಪ್ಯಾಕೆಟ್ ಬಂದ್ರ ಎಲ್ಲಾ ಪೋರ್ಟಿಗೂ ಹಂಚ್ತದ. ಸ್ನೂಪಿಂಗ್ ಇರೋ ಸ್ವಿಚ್ ಶಾಣ್ಯಾತನ ಮಾಡ್ತದ, ಯಾವ ಪೋರ್ಟಿನವ ಈ ಗುಂಪಿಗೆ ಹೆಸರು ಹಚ್ಚ್ಯಾನ ಅಂತ ನೋಡಿ ಅವನಿಗಷ್ಟೇ ಕೊಡ್ತದ. ಮಿನಿಡಿಎಲ್‌ಎನ್‌ಎ ಶುರು ಆದಾಗ ಲ್ಯಾಪ್‌ಟಾಪ್ "239.255.255.250 ಗುಂಪಿಗೆ ನಾನೂ ಸೇರೀನಿ" ಅಂತ ಐಜಿಎಂಪಿ ವರದಿ ಕಳಸ್ತದ. ಸ್ವಿಚ್ ಬರಕೊಂತದ. ಆದ್ರ ಆ ಹೆಸರು ಕಾಯಂ ಅಲ್ಲ. ನೆಟ್‌ವರ್ಕಿನಾಗ ಒಬ್ಬ ಕ್ವೆರಿಯರ್ ಇದ್ದು 125 ಸೆಕೆಂಡಿಗೊಮ್ಮೆ "ಯಾರ್ಯಾರು ಇನ್ನೂ ಅದೀರಿ" ಅಂತ ಹಾಜರಿ ಕರೀಬೇಕು. ಕರೆದಾಗ ಲ್ಯಾಪ್‌ಟಾಪ್ ಮತ್ತ ಹೇಳ್ತದ. ಕರಿಯೋರೇ ಇಲ್ಲಂದ್ರ ಎರಡು ಸರ್ತಿ 125, ಮ್ಯಾಲೆ ಉತ್ತರಕ್ಕ 10, ಒಟ್ಟು 260 ಸೆಕೆಂಡ್ ಕಾದು ಸ್ವಿಚ್ ಹೆಸರು ಅಳಸ್ತದ. ನಾಕು ನಿಮಿಷ ಇಪ್ಪತ್ತು ಸೆಕೆಂಡ್. ನಿಮ್ಮ ಐದು ನಿಮಿಷ ಅದೇ. ಅಲ್ಲಿಂದ ಮುಂದ ಟಿವಿ ಕೂಗಿದ್ದು ಲ್ಯಾಪ್‌ಟಾಪಿನ ಪೋರ್ಟಿಗೆ ಮುಟ್ಟೂದೇ ಇಲ್ಲ. ಓಡ್ತಿರೋ ಸಿನಿಮಾ ನಿಲ್ಲೂದಿಲ್ಲ ಯಾಕಂದ್ರ ಅದು ಒಬ್ಬರಿಂದ ಒಬ್ಬರಿಗೆ ಹೋಗೂ ಟಿಸಿಪಿ, ಗುಂಪಿನ ಲೆಕ್ಕಕ್ಕ ಬರೂದಿಲ್ಲ.

ಕಾಸ್ಟ್ ಯಾಕ ಸಾಯಲಿಲ್ಲ ಅಂದ್ರ 224.0.0 ಸಾಲಿನ ವಿಳಾಸಗಳನ್ನ ಸ್ನೂಪಿಂಗ್ ಇದ್ರೂ ಎಲ್ಲಾ ಪೋರ್ಟಿಗೂ ಬಿಡಬೇಕು ಅಂತ 2006ರ ಆರ್‌ಎಫ್‌ಸಿ 4541 ಅನ್ನೋ ಇಂಟರ್ನೆಟ್ ದಾಖಲೆ ಹೇಳ್ತದ, ಸ್ವಿಚ್ ಮಾಡೋರು ಸಾಮಾನ್ಯವಾಗಿ ಪಾಲಸ್ತಾರ. ಎಂಡಿಎನ್‌ಎಸ್ ಆ ಸಾಲಿನಾಗ ಅದ, ಎಸ್‌ಎಸ್‌ಡಿಪಿ ಇಲ್ಲ. ಕೊಪ್ಪಳದವರು ಎರಡಕ್ಕೂ ಫರಕ್ ಹೇಳಿದ್ದು ಇಲ್ಲಿ ಕೆಲಸಕ್ಕ ಬಂತು ನೋಡ್ರಿ. ಕಾಸ್ಟ್ ಕಂಡು ಡಿಎಲ್‌ಎನ್‌ಎ ಕಾಣದಿದ್ರ ಮೊದಲು ಸ್ನೂಪಿಂಗ್ ಮ್ಯಾಲೆ ಅನುಮಾನ ಪಡ್ರಿ.

ಖಾತ್ರಿ ಮಾಡಿಕೊಳ್ಳೂದು ಸರಳ ಅದ. ಲ್ಯಾಪ್‌ಟಾಪಿನಾಗ ಟಿಸಿಪಿಡಂಪ್ (ಬಂದು ಹೋಗೂ ಪ್ಯಾಕೆಟ್ ತೋರಸೂ ಪ್ರೋಗ್ರಾಂ) ಹಚ್ಚಿ ಯುಡಿಪಿ 1900 ಅಷ್ಟೇ ಕಾಣೂವಂಗ ಮಾಡ್ರಿ. ಮಿನಿಡಿಎಲ್‌ಎನ್‌ಎ ರೀಸ್ಟಾರ್ಟ್ ಮಾಡಿ ಟಿವಿಯಿಂದ ಹುಡುಕ್ರಿ, ಟಿವಿ ವಿಳಾಸದಿಂದ ಎಂ-ಸರ್ಚ್ ಅಂತ ಸಾಲು ಬೀಳ್ತಾವ. ಆರು ನಿಮಿಷ ಬಿಟ್ಟು ಮತ್ತ ಹುಡುಕ್ರಿ. ಸಾಲು ಬೀಳಲಿಲ್ಲಂದ್ರ ದಾರಿಯಾಗ ಯಾರೋ ನುಂಗ್ಯಾರ. ಸಾಲು ಬಿದ್ದೂ ಟಿವಿಯಾಗ ಕಾಣಲಿಲ್ಲಂದ್ರ ನನ್ನ ಮಾತು ತಪ್ಪು, ಇಲ್ಲೇ ಬಂದು ಹೇಳ್ರಿ.

ಇಲಾಜು ಎರಡು ಅದಾವ. ಸ್ವಿಚ್ಚಿನ ಮೆನುವಿನಾಗ ಐಜಿಎಂಪಿ ಸ್ನೂಪಿಂಗ್ ಆಫ್ ಮಾಡೂದು. ಹತ್ತಿಪ್ಪತ್ತು ಸಾಧನ ಇರೋ ಮನಿಗೆ ಅದರಿಂದ ಏನೂ ನಷ್ಟ ಇಲ್ಲ. ಇಲ್ಲಾ ಅಲ್ಲೇ ಕ್ವೆರಿಯರ್ ಅಂತ ಇದ್ರ ಆನ್ ಮಾಡೂದು. ಮನಿಯಾಗ ಐಪಿ ಟಿವಿ ಚಾನೆಲ್ ಓಡ್ತಿದ್ರ ಎರಡನೇದು ಛಲೋ, ಯಾಕಂದ್ರ ಚಾನೆಲ್ ಪೂರ್ತಿ ಮಲ್ಟಿಕಾಸ್ಟಿನಾಗ ಬರ್ತದ, ಸ್ನೂಪಿಂಗ್ ತಗದ್ರ ಅದು ವೈಫೈ ತುಂಬ ಸುರೀತದ. ಕ್ವೆರಿಯರ್ ಒಂದೇ ಕಡೆ ಸಾಕು. ಕೆಲವು ಓಎನ್‌ಟಿ ತಾವೇ ಹಾಜರಿ ಕರೀತಾವ, ನಿಮ್ದು ಕರೆಯೂದಿಲ್ಲ ಅಂತ ಕಾಣ್ತದ.

ನೋಟಿಫೈ ಇಂಟರ್ವಲ್ (ಸರ್ವರ್ ತಾನಾಗೇ ಸಾರೂ ಅಂತರ) 60 ಸೆಕೆಂಡಿಗೆ ಇಳಸ್ರಿ ಅಂತ ಅಲ್ಲಲ್ಲಿ ಸಲಹೆ ಕೊಡ್ತಾರ. ರೋಗ ಬಿಟ್ಟು ಜ್ವರಕ್ಕ ಗುಳಿಗಿ ಕೊಟ್ಟಂಗ ಅದು. ಸರ್ವರ್ ಸಾರಿದ್ದು ಟಿವಿಗೆ ಮುಟ್ಟಬೇಕಂದ್ರ ಟಿವಿ ಕಡೆ ಪೋರ್ಟೂ ಸ್ವಿಚ್ಚಿನ ಪಟ್ಟಿಯಾಗ ಇರಬೇಕಲ್ಲ.

ಗಂಗಾವತಿ_ಮಾಳಿಗೆ

ಟಿಸಿಪಿಡಂಪ್ ನೀವು ಹೇಳಿದಂಗೇ ತೋರಿಸ್ತು. ಆರು ನಿಮಿಷದ ಮ್ಯಾಲೆ ಟಿವಿ ಕಡೆಯಿಂದ ಒಂದೂ ಸಾಲಿಲ್ಲ. ಐಪಿ ಟಿವಿ ಇಲ್ಲ, ಅದಕ್ಕ ಸ್ನೂಪಿಂಗ್ ತಗದೆ. ನಿನ್ನಿಯಿಂದ ಸರ್ವರ್ ಒಮ್ಮೆನೂ ಮಾಯ ಆಗಿಲ್ಲ. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಕಡೆಯವರಿಗೆ ಶರಣ್ರಿ.

ಖಾಲಿ ಪಟ್ಟಿ ಮತ್ತ ಧ್ವನಿ ಉಳಿದಾವು. ಮತ್ತ ಫೋನಿನಾಗ ತಗದ 4ಕೆ ವಿಡಿಯೊ ಮ್ಯಾಲಿನ ಟಿವಿಯಾಗ ತಡದು ತಡದು ಓಡ್ತೈತಿ, ಉಳಿದ ಸಿನಿಮಾ ಸರಿ ಓಡ್ತಾವು.

ಬಳ್ಳಾರಿ_239

ಖಾಲಿ ಪಟ್ಟಿ ಡಿಸ್ಕಿನ ವಿಷಯ, ನೆಟ್‌ವರ್ಕಿನದಲ್ಲ. ಉಬುಂಟು ಡೆಸ್ಕ್‌ಟಾಪ್ ಯುಎಸ್‌ಬಿ ಡಿಸ್ಕನ್ನ ಮೀಡಿಯಾ ಫೋಲ್ಡರಿನ ಕೆಳಗೆ ಲಾಗಿನ್ ಆದವರ ಹೆಸರಿನಲ್ಲಿ ತಾನೇ ಕೂರಿಸುತ್ತೆ. ಇದರಲ್ಲಿ ಎರಡು ತಾಪತ್ರಯ. ಲಾಗಿನ್ ಆಗೋ ತನಕ ಡಿಸ್ಕ್ ಕೂರೋದಿಲ್ಲ, ಆದ್ರೆ ಮಿನಿಡಿಎಲ್‌ಎನ್‌ಎ ಬೂಟ್ ಆಗ್ತಿದ್ದಂಗೇ ಎದ್ದು ನೋಡಿ ಖಾಲಿ ಅಂತ ತೀರ್ಮಾನ ಮಾಡಿಬಿಡುತ್ತೆ. ಇನ್ನೊಂದು, ಆ ಫೋಲ್ಡರ್ ಒಳಗೆ ಹೋಗೋ ಅನುಮತಿ ಆ ಬಳಕೆದಾರನಿಗೆ ಮಾತ್ರ. ಮಿನಿಡಿಎಲ್‌ಎನ್‌ಎ ತನ್ನದೇ ಬೇರೆ ಬಳಕೆದಾರನ ಹೆಸರಲ್ಲಿ ಓಡುತ್ತೆ, ಅದಕ್ಕೆ ಬಾಗಿಲು ಮುಚ್ಚಿರುತ್ತೆ.

ಡಿಸ್ಕಿನ ಯುಯುಐಡಿ (ಗುರುತಿನ ಸಂಖ್ಯೆ) ನೋಡಿಕೊಂಡು, ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಕೂರಬೇಕು ಅಂತ ಹೇಳೋ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಒಂದು ಸಾಲು ಬರೆದು, ಎಸ್‌ಆರ್‌ವಿ ಫೋಲ್ಡರಿನ ಕೆಳಗೆ ಕಾಯಂ ಜಾಗ ಕೊಡಿ. ಸಾಲಿನಲ್ಲಿ ನೋಫೇಲ್ ಅನ್ನೋ ಆಯ್ಕೆ ಮರೀಬೇಡಿ, ಅದು ಇಲ್ಲದಿದ್ರೆ ಡಿಸ್ಕ್ ಕಿತ್ತಿಟ್ಟ ದಿನ ಲ್ಯಾಪ್‌ಟಾಪ್ ಬೂಟ್ ಆಗದೇ ನಿಂತುಬಿಡುತ್ತೆ. ಎನ್‌ಟಿಎಫ್‌ಎಸ್ (ವಿಂಡೋಸ್ ಮಾದರಿಯ) ಡಿಸ್ಕ್ ಆದ್ರೆ ಅದೇ ಸಾಲಿನಲ್ಲಿ ಎಲ್ಲರಿಗೂ ಓದೋ ಅನುಮತಿ ಕೊಡಿ. ಆಮೇಲೆ ಮಿನಿಡಿಎಲ್‌ಎನ್‌ಎ ಸಂರಚನೆಯಲ್ಲಿ ಮೀಡಿಯಾ ಡೈರೆಕ್ಟರಿ ಬದಲಿಸಿ, ಒಂದು ಸಲ ದೊಡ್ಡಕ್ಷರದ ಆರ್ ಆಯ್ಕೆ ಕೊಟ್ಟು ಡೇಟಾಬೇಸ್ ಪೂರ್ತಿ ಹೊಸದಾಗಿ ಕಟ್ಟಿಸಿ.

ಕರೆಂಟ್ ಬಂದಾಗ ಇನ್ನೊಂದು ನಡೆಯುತ್ತೆ. ಟಿವಿ ಬೇಗ ಏಳುತ್ತೆ, ಓಎನ್‌ಟಿ ಏಳೋಕೆ ಎರಡು ಮೂರು ನಿಮಿಷ. ವಿಳಾಸ ಕೊಡೋರು ಸಿಗದೇ ಟಿವಿ 169.254 ಸಾಲಿನ ವಿಳಾಸ ತಾನೇ ಹಾಕ್ಕೊಂಡು ಕೂತಿರುತ್ತೆ. ನೆಟ್‌ವರ್ಕ್ ಮೆನುವಿನಲ್ಲಿ ಹಾಗೆ ಕಂಡ್ರೆ ವೈಫೈ ಬಿಟ್ಟು ಸೇರಿಸಿ. ಇದನ್ನ ತಪ್ಪಿಸೋಕೆ ಓಎನ್‌ಟಿ, ಸ್ವಿಚ್, ಮೇಲಿನ ಎಪಿ ಎಲ್ಲಾನೂ ಬ್ಯಾಕಪ್ ಮೇಲೆ ಇಡೋದು ಒಳ್ಳೇದು. ಶಾಖೋತ್ಪನ್ನ ಕೇಂದ್ರ ಪಕ್ಕದ ಜಿಲ್ಲೆಯಲ್ಲೇ ಇದ್ರೂ ನಮಗೆ ಬ್ಯಾಕಪ್ ಇಲ್ಲದೇ ಆಗಲ್ಲ, ಏನ್ ಮಾಡೋದು. 12 ವೋಲ್ಟಿನ ಸಣ್ಣ ಯುಪಿಎಸ್ ತಗೊಳ್ಳೋ ಮುಂಚೆ ಪ್ರತಿ ಅಡಾಪ್ಟರಿನ ಲೇಬಲ್ ಓದಿ. ಎಲ್ಲಾ 12 ವೋಲ್ಟೇ ಇರಬೇಕು, ಆಂಪಿಯರ್ ಕೂಡಿಸಿದ್ದು ಯುಪಿಎಸ್ ಕೊಡೋದಕ್ಕಿಂತ ಕಮ್ಮಿ ಇರಬೇಕು. ಓಎನ್‌ಟಿಗೆ 1.5, ಸ್ವಿಚ್ಚಿಗೆ 1 ಅಂತ ಇದ್ರೆ 2 ಆಂಪಿಯರಿನದು ಸಾಲಲ್ಲ. ಸ್ವಿಚ್ಚುಗಳಲ್ಲಿ 5 ವೋಲ್ಟಿನವೂ ಬರ್ತವೆ, ಪಿನ್ ಹೊಂದಿತು ಅಂತ 12 ಚುಚ್ಚಿದ್ರೆ ಸುಟ್ಟಂಗೇ.

ಲ್ಯಾಪ್‌ಟಾಪ್ ಮುಚ್ಚಳ ಮುಚ್ಚಿ 24 ಗಂಟೆ ಓಡಿಸೋದಾದ್ರೆ ಬೇಸಿಗೆಯಲ್ಲಿ ಬ್ಯಾಟರಿ ಉಬ್ಬುತ್ತಾ ಅಂತ ಆಗಾಗ ನೋಡಿ. ಚಾರ್ಜನ್ನ 60 ಅಥವಾ 80 ಪ್ರತಿಶತಕ್ಕೆ ನಿಲ್ಲಿಸೋ ಆಯ್ಕೆ ಬಯಾಸಿನಲ್ಲಿ ಇದ್ರೆ ಹಾಕಿ. ಗಣಿ ಧೂಳು ಇರೋ ಕಡೆಯವರು ಫ್ಯಾನಿನ ಕಿಂಡಿನ ಆರು ತಿಂಗಳಿಗೊಮ್ಮೆ ಊದಿಸಲೇಬೇಕು, ಕೆಂಪು ಮಣ್ಣು ಒಳಗೆ ಹೆಪ್ಪುಗಟ್ಟಿರುತ್ತೆ.

ಕೊಪ್ಪಳ_ಕೇಬಲ್

4ಕೆ ತಡಿಯೂದಕ್ಕ ವೈಫೈ ಕಾರಣ. ಸಿನಿಮಾ ಫೈಲು 1080 ಇದ್ರೂ ಒತ್ತಿ ಸಣ್ಣ ಮಾಡಿರ್ತಾರ, 8ರಿಂದ 12 ಎಂಬಿಪಿಎಸ್ ಸಾಕು. ಫೋನಿನ 4ಕೆ ಸೆಕೆಂಡಿಗೆ 30 ಚೌಕಟ್ಟು ಅಂದ್ರೂ 45–50 ಬೇಕು. ಟಿವಿ 2.4 ಗಿಗಾಹರ್ಟ್ಸ್‌ನಾಗ ಇದ್ರ ತೆರಿ ಮ್ಯಾಲೆ 144 ಅಂತ ಬರೆದಿದ್ರೂ ಕೈಗೆ ಸಿಗೂದು ಅದರ ಅರ್ಧದ ಆಸುಪಾಸು, ಓಣಿಯಾಗಿನ ಮಂದಿ ವೈಫೈನೂ ಅದರಾಗೇ ಪಾಲು ಕೇಳತೈತಿ. 5 ಗಿಗಾಹರ್ಟ್ಸ್‌ಗೆ ಹಾಕ್ರಿ, ಆದ್ರ ಟಿವಿ ಇರೋ ಖೋಲಿಯಾಗೇ ಎಪಿ ಇರಬೇಕು. ಕಲ್ಲಿನ ಗ್ವಾಡಿ, ಹಳೇ ಮಣ್ಣಿನ ಗ್ವಾಡಿ ಎರಡಡಿ ದಪ್ಪ ಇರೂವು 5 ಗಿಗಾಹರ್ಟ್ಸನ್ನ ಒಂದೇ ಏಟಿಗೆ ಕೊಲ್ತಾವು. ಕಬ್ಬಿಣದ ತಿಜೋರಿ, ತಗಡಿನ ಮಾಡು ಇವಕ್ಕಂತೂ ಯಾವುದೂ ದಾಟೂದಿಲ್ಲ.

ಎಪಿ ಹೆಂಗೂ ಮ್ಯಾಲೇ ಐತಿ, ಟಿವಿಗೆ ಅದರಿಂದ ಕೇಬಲ್ಲೇ ಹಾಕಿಬಿಡ್ರಿ. ಬಹಳಷ್ಟು ಟಿವಿಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ದು, ಗಿಗಾಬಿಟ್ ಅಲ್ಲ, ಆದ್ರ ಆ ನೂರು ಕದಲೂದಿಲ್ಲ. ವೈಫೈನಾಗ 300 ಸಿಕ್ಕೂ ನಡುನಡುವ ಬೀಳೂದಕ್ಕಿಂತ ಅದು ಮೇಲು. ಕೇಬಲ್ ಹಾಕಿದ್ರ ಹುಡುಕೂದೂ ಗಟ್ಟಿ ಆಗತೈತಿ. ವೈಫೈನಾಗ ಮಲ್ಟಿಕಾಸ್ಟ್ ಪ್ಯಾಕೆಟಿಗೆ "ಮುಟ್ಟಿತು" ಅನ್ನೋ ರಸೀದಿ ಇಲ್ಲ, ಕಳದ್ರ ಮತ್ತ ಕಳಸೂದಿಲ್ಲ. ಎಲ್ಲಾರಿಗೂ ಕೇಳಲಿ ಅಂತ ಕಡಿಮಿ ವೇಗದಾಗ ಬಿಡತಾರ, 2.4ರಾಗ ಹಲವು ಕಡೆ 1 ಎಂಬಿಪಿಎಸ್, 5ರಾಗ 6. ಟಿವಿ ಎರಡು ಮೂರು ಸಲ ಕೂಗೂದು ಅದಕ್ಕೇ.

ಎಪಿ ಸೆಟ್ಟಿಂಗಿನಾಗ "ಎಪಿ ಐಸೋಲೇಷನ್" ಇಲ್ಲಾ "ಕ್ಲೈಂಟ್ ಐಸೋಲೇಷನ್" ಆಫ್ ಇರಬೇಕು. ಆನ್ ಇದ್ರ ನೆಟ್ ಎಲ್ಲಾರಿಗೂ ಬರತೈತಿ, ಒಬ್ಬರಿಗೊಬ್ಬರು ಮಾತಾಡಂಗಿಲ್ಲ. ಗೆಸ್ಟ್ ವೈಫೈನಾಗ ಅದು ಹುಟ್ಟಾ ಆನ್, ಟಿವಿನ ಅಲ್ಲಿ ಹಾಕಬ್ಯಾಡ್ರಿ. ಯುಪಿಎನ್‌ಪಿ ಅನ್ನೋ ಗುಂಡಿ ರೌಟರಿನಾಗ ಕಂಡ್ರ ಡಿಎಲ್‌ಎನ್‌ಎಗೆ ಬೇಕಂತ ಆನ್ ಮಾಡಬ್ಯಾಡ್ರಿ. ಆ ಗುಂಡಿ ಹೊರಗಿಂದ ಪೋರ್ಟ್ ತೆರೆಯೂದಕ್ಕ ಸಂಬಂಧಪಟ್ಟದ್ದು, ಹೆಸರಿನ ಮನೆತನ ಒಂದೇ ಅಷ್ಟ. ಆಫ್ ಇದ್ರೂ ಟಿವಿಗೆ ಸರ್ವರ್ ಕಾಣತೈತಿ. 8200 ಆಗಲಿ 1900 ಆಗಲಿ ಹೊರಗ ಪೋರ್ಟ್ ಫಾರ್ವರ್ಡ್ ಮಾಡೂದು ಬ್ಯಾಡೇ ಬ್ಯಾಡ, ಡಿಎಲ್‌ಎನ್‌ಎಗೆ ಪಾಸ್‌ವರ್ಡ್ ಅನ್ನೂದೇ ಇಲ್ಲ.

ಐಫೋನ್ ಇದ್ದೋರಿಗೆ ಒಂದು ಮಾತು. 2020ರ ಐಒಎಸ್ 14ರಿಂದ ಪ್ರತಿ ಆ್ಯಪಿಗೂ "ಲೋಕಲ್ ನೆಟ್‌ವರ್ಕ್" ಅನುಮತಿ ಬೇಕು. ಮೊದಲ ಸಲ ಕೇಳಿದಾಗ ಬ್ಯಾಡ ಅಂತ ಒತ್ತಿದ್ರ ಮುಂದ ಎಷ್ಟು ಹುಡುಕಿದ್ರೂ ಸಿಗೂದಿಲ್ಲ, ಸೆಟ್ಟಿಂಗ್ಸಿನ ಪ್ರೈವಸಿಯಾಗ ಹೋಗಿ ತಿರುಗಿ ಕೊಡಬೇಕು. ಯಾವ ಫೋನಾದ್ರೂ ವಿಪಿಎನ್ ಓಡ್ತಿದ್ರ ತಗದು ನೋಡ್ರಿ.

ಸಿಂಧನೂರು_ಎಂಕೆವಿ

ಧ್ವನಿ ಇಲ್ಲದ ಫೈಲುಗಳನ್ನ ವಿಎಲ್‌ಸಿಯಲ್ಲಿ ತೆರೆದು ಕೊಡೆಕ್ ಮಾಹಿತಿ ನೋಡ್ರಿ. ಆಡಿಯೊ ಡಿಟಿಎಸ್ (ಧ್ವನಿ ಒತ್ತಿಡೋ ಒಂದು ವಿಧಾನ) ಅಂತ ಬರುತ್ತೆ, ಹೆಚ್ಚಾಗಿ ಅದೇ. ಅನೇಕ ಟಿವಿಗಳಲ್ಲಿ ಡಿಟಿಎಸ್ ಬಿಡಿಸೋ ಪರವಾನಗಿ ಇರೋದಿಲ್ಲ. ಮಿನಿಡಿಎಲ್‌ಎನ್‌ಎ ಫೈಲನ್ನ ಇದ್ದಂಗೇ ಕೊಡುತ್ತೆ, ಏನೂ ಬದಲಿಸಲ್ಲ. ಅದಕ್ಕೇ ಪೆನ್‌ಡ್ರೈವಿನಲ್ಲೂ ಅದೇ ಮೌನ, ನೆಟ್‌ವರ್ಕಿನಲ್ಲೂ ಅದೇ.

ವಿಡಿಯೊ ಫೈಲ್ ಬದಲಿಸೋ ಎಫ್‌ಎಫ್‌ಎಂಪೆಗ್ ಪ್ರೋಗ್ರಾಂನಲ್ಲಿ ವಿಡಿಯೊ ಮತ್ತು ಸಬ್‌ಟೈಟಲ್ ಕಾಪಿ ಅಂತ ಕೊಟ್ಟು ಆಡಿಯೊ ಮಾತ್ರ ಎಸಿ3 (ಇನ್ನೊಂದು ಧ್ವನಿ ವಿಧಾನ), 640 ಕೆಬಿಪಿಎಸ್ ಮಾಡ್ರಿ. 5.1 ಹಂಗೇ ಉಳಿಯುತ್ತೆ. ವಿಡಿಯೊ ಮುಟ್ಟದೇ ಇರೋದ್ರಿಂದ ಎರಡು ತಾಸಿನ ಸಿನಿಮಾ ಹಳೇ ಲ್ಯಾಪ್‌ಟಾಪಿನಲ್ಲೂ ಕೆಲವೇ ನಿಮಿಷದ ಕೆಲಸ. ಎಲ್ಲಾ ಟ್ರ್ಯಾಕೂ ಬರಲಿ ಅಂದ್ರೆ ಮ್ಯಾಪ್ 0 ಕೊಡಬೇಕು. ಕೊಡದಿದ್ರೆ ಅದು ಒಂದೇ ಆಡಿಯೊ ಆರಿಸಿಕೊಂಡು ಉಳಿದದ್ದು ಬಿಡುತ್ತೆ, ಕನ್ನಡ ಟ್ರ್ಯಾಕ್ ಹೋಗಿ ಹಿಂದಿ ಉಳಿದ್ರೆ ಆಮೇಲೆ ಬಯ್ಕೋಬೇಡ್ರಿ. ಹೊಸ ಫೈಲ್ ಓಡಿಸಿ ನೋಡೋ ತನಕ ಹಳೇದು ಅಳಿಸಬೇಡ್ರಿ.

ನೂರಾರು ಫೈಲ್ ಇದ್ರೆ ಜೆಲ್ಲಿಫಿನ್ ಅನ್ನೋ ಇನ್ನೊಂದು ಮೀಡಿಯಾ ಸರ್ವರ್ ಹಾಕೋದು ಮೇಲು. ಟಿವಿಗೆ ಬಾರದ ಆಡಿಯೊನ ಅದು ಓಡುವಾಗಲೇ ಬದಲಿಸಿ ಕೊಡುತ್ತೆ, ಅಷ್ಟಕ್ಕೆ ಹಳೇ ಡ್ಯುಯಲ್ ಕೋರ್ ಸಾಕು. ಟಿವಿಗೆ ಎಚ್‌ಇವಿಸಿ (ವಿಡಿಯೊ ಒತ್ತಿಡೋ ಒಂದು ವಿಧಾನ) ವಿಡಿಯೊನೇ ಬರೋದಿಲ್ಲ ಅಂದ್ರೆ ಮಾತ್ರ ಕಷ್ಟ. ಅದನ್ನ ಬಿಡಿಸೋಕೆ ಇಂಟೆಲ್ 6ನೇ ತಲೆಮಾರಿನ ಚಿಪ್, 10 ಬಿಟ್ ಆದ್ರೆ 7ನೇ ತಲೆಮಾರಿನದಾದ್ರೂ ಬೇಕು, ಇಲ್ಲಾಂದ್ರೆ ಫ್ಯಾನ್ ಕೂಗುತ್ತೆ, ಚಿತ್ರ ನಿಲ್ಲುತ್ತೆ. ಜೆಲ್ಲಿಫಿನ್ ಪೋರ್ಟ್ 8096. ಟಿವಿಯ ಜೆಲ್ಲಿಫಿನ್ ಆ್ಯಪಿನಲ್ಲಿ ವಿಳಾಸ ಕೈಯಿಂದ ಬರೆಯಬಹುದು, ಹಂಗಾಗಿ ಮೇಲೆ ಇಷ್ಟೊತ್ತು ಮಾತಾಡಿದ ಡಂಗುರ, ಹಾಜರಿ ಯಾವುದೂ ಬೇಕಾಗಲ್ಲ.

ಗಂಗಾವತಿ_ಮಾಳಿಗೆ

ಡಿಟಿಎಸ್ಸೇ ಇತ್ರಿ. ಒಂದು ಫೈಲ್ ಮಾಡಿ ನೋಡಿದೆ, ಧ್ವನಿ ಬಂತು. ಕಡೀದೊಂದು: ಕನ್ನಡದ ಎಸ್‌ಆರ್‌ಟಿ ಸಬ್‌ಟೈಟಲ್ ಹಾಕಿದ್ರ ಟಿವಿಯಾಗ ಒಂದು ಫೈಲಿಗೆ ಡಬ್ಬಿ ಡಬ್ಬಿ, ಇನ್ನೊಂದಕ್ಕ ಇಂಗ್ಲಿಷ್ ಅಕ್ಷರದ ಗೋಜಲು.

ಸಿಂಧನೂರು_ಎಂಕೆವಿ

ಎರಡೂ ಬೇರೆ ಬೇರೆ ರೋಗ. ಡಬ್ಬಿ ಬಂದ್ರೆ ಫೈಲ್ ಸರಿ ಇದೆ, ಟಿವಿಯ ಪ್ಲೇಯರಿನಲ್ಲಿ ಕನ್ನಡ ಫಾಂಟ್ ಇಲ್ಲ. ಟಿವಿಗೆ ವಿಎಲ್‌ಸಿ ಹಾಕಿ ಅದರಿಂದ ತೆರೆದು ನೋಡ್ರಿ. ಗೋಜಲು ಬಂದ್ರೆ ಫೈಲ್ ಹಳೇ ನುಡಿ ಅಥವಾ ಬರಹ ತಂತ್ರಾಂಶದ ಆಸ್ಕಿ (ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡ ಇಟ್ಟ) ಫಾಂಟಿನಲ್ಲಿ ಟೈಪ್ ಆಗಿರಬೇಕು. ಆಸ್ಕಿಯಿಂದ ಯೂನಿಕೋಡಿಗೆ ಪರಿವರ್ತಕ ಹಾಕಿ, ಉಳಿಸುವಾಗ ಯುಟಿಎಫ್-8 ಆರಿಸ್ರಿ. ಪರಿವರ್ತಕಕ್ಕೆ ಪೂರ್ತಿ ಫೈಲ್ ಕೊಡೋ ಮುಂಚೆ ಸಮಯದ ಸಾಲುಗಳ ಒಂದು ಪ್ರತಿ ಇಟ್ಕೊಳ್ರಿ. ಕೆಲವು ಪರಿವರ್ತಕಗಳು ಅಂಕಿ ಮತ್ತು ಬಾಣದ ಗುರುತನ್ನೂ ಕನ್ನಡ ಅಂತ ತಿಳ್ಕೊಂಡು ತಿರುಚ್ತವೆ, ಆಗ ಸಬ್‌ಟೈಟಲ್ ಕಾಣೋದೇ ಇಲ್ಲ.